ನಿಂತು ಓದುವವರ ಅಂಗಡಿ

ಬಸವನಗುಡಿಯಲ್ಲಿ ಬೆಳಗಿನ ನಾಲ್ಕೂವರೆಗೆ ಎರಡು ಬಗೆಯ ಹೊರೆ ಬೀದಿಗೆ ಇಳಿಯುತ್ತದೆ. ಗಾಂಧಿ ಬಜಾರಿನ ಕಡೆ ಹೂವಿನದು. ಅಲ್ಲಿಂದ ನಾಲ್ಕು ಹೆಜ್ಜೆ ಆಚೆ, ಬ್ಯಾಂಕೊಂದರ ಮುಚ್ಚಿದ ಶಟರಿನ ಮುಂದೆ, ಪೇಪರಿನದು. ಹೂವಿನ ಮೂಟೆಯನ್ನು ಇಬ್ಬರು ಹಿಡಿದು ಮೆಲ್ಲಗೆ ಇಳಿಸುತ್ತಾರೆ. ಪೇಪರಿನ ಬಂಡಲನ್ನು ಒಗೆಯುತ್ತಾರೆ. ವ್ಯಾನು ಪೂರ್ತಿ ನಿಲ್ಲುವುದೂ ಇಲ್ಲ. ಡ್ರೈವರು ಬ್ರೇಕ್ ಒತ್ತಿದಂತೆ ಮಾಡುತ್ತಾನೆ, ಹಿಂದೆ ಕೂತವನು ಮೂರೋ ನಾಲ್ಕೋ ಬಂಡಲು ಫುಟ್‌ಪಾತಿಗೆ ಉರುಳಿಸುತ್ತಾನೆ, ಬಾಗಿಲು ಹಾಕುವ ಮುಂಚೆಯೇ ಗಾಡಿ ಮುಂದಿನ ತಿರುವಿನಲ್ಲಿರುತ್ತದೆ. ಹತ್ತು ನಿಮಿಷಕ್ಕೆ ಇನ್ನೊಂದು ಸಂಸ್ಥೆಯ ವ್ಯಾನು, ಆಮೇಲೆ ಮತ್ತೊಂದು. ಹಗಲಲ್ಲಿ ಒಂದರ ಮುಖ ಒಂದು ನೋಡದ ಪತ್ರಿಕೆಗಳೆಲ್ಲ ಈ ಹೊತ್ತಿನಲ್ಲಿ ಒಂದೇ ಕಲ್ಲುಚಪ್ಪಡಿಯ ಮೇಲೆ ಮೈಗೆ ಮೈ ತಾಗಿಸಿ ಬಿದ್ದಿರುತ್ತವೆ.

ಬಿಗಿದ ಪ್ಲಾಸ್ಟಿಕ್ ಪಟ್ಟಿಯನ್ನು ಬ್ಲೇಡಿನಿಂದ ಕೊಯ್ದಾಗ ಟಪ್ ಎಂದು ಸದ್ದಾಗುತ್ತದೆ. ಮೇಲಿನ ಚೀಟಿಯಲ್ಲಿ ಏಜೆಂಟರ ಹೆಸರು, ಪ್ರತಿಗಳ ಲೆಕ್ಕ. ಲೆಕ್ಕವನ್ನು ಯಾರೂ ನಂಬುವುದಿಲ್ಲ, ಎಣಿಸಿಯೇ ತೆಗೆದುಕೊಳ್ಳುತ್ತಾರೆ. ಎಣಿಸುವಾಗ ಪೇಪರನ್ನು ಎತ್ತುವುದಿಲ್ಲ. ಮಡಿಕೆಯ ಅಂಚನ್ನು ಹೆಬ್ಬೆರಳಲ್ಲಿ ಸರ್ರನೆ ಜಾರಿಸುತ್ತ ಐದೈದರಂತೆ ಲೆಕ್ಕ ಒಪ್ಪಿಸುತ್ತಾರೆ. ಎಣಿಕೆ ಮುಗಿದ ಮೇಲೆ ಪುರವಣಿ ಸೇರಿಸುವ ಕೆಲಸ. ಪುರವಣಿ ಮೊದಲೇ ಅಚ್ಚಾಗಿ ಬೇರೆ ಬಂಡಲಿನಲ್ಲಿ ಬರುತ್ತದೆ. ಮುಖ್ಯ ಪತ್ರಿಕೆ ಕಡೆಯ ಸುದ್ದಿಗೆ ನಡುರಾತ್ರಿಯವರೆಗೂ ಕಾಯುತ್ತದೆ. ದೂರದ ತಾಲ್ಲೂಕುಗಳಿಗೆ ಹೋಗುವ ಆವೃತ್ತಿ ಮೊದಲು ಅಚ್ಚಾಗಿ ಹೊರಡುತ್ತದೆ, ನಗರದ್ದು ಕೊನೆಗೆ. ಹಾಗಾಗಿ ರಾತ್ರಿ ಹನ್ನೊಂದೂವರೆಗೆ ಮುಗಿದ ಕ್ರಿಕೆಟ್ ಪಂದ್ಯದಲ್ಲಿ ಗೆದ್ದವರು ಯಾರೆಂದು ಈ ಕಲ್ಲುಚಪ್ಪಡಿಗೆ ಗೊತ್ತಿರುತ್ತದೆ, ನೂರಾರು ಮೈಲಿ ಆಚೆಯ ಬಸ್‌ಸ್ಟ್ಯಾಂಡಿನ ಅಂಗಡಿಗೆ ಗೊತ್ತಿಲ್ಲದೆಯೂ ಇರಬಹುದು. ಚಕ್ಕಂಬಕ್ಕಳ ಹಾಕಿ ಕೂತ ಹುಡುಗರ ಎಡಗೈ ಪತ್ರಿಕೆಯ ಬಾಯಿ ಬಿಡಿಸುತ್ತದೆ, ಬಲಗೈ ಪುರವಣಿಯನ್ನು ಒಳಕ್ಕೆ ತಳ್ಳುತ್ತದೆ, ಅಂಗೈ ಒಂದು ಸಲ ಮಡಿಕೆಯ ಮೇಲೆ ಹೊಡೆಯುತ್ತದೆ. ಹಬ್ಬದ ಮುಂಚಿನ ದಿನಗಳಲ್ಲಿ ಸೀರೆ ರಿಯಾಯಿತಿ ಮಾರಾಟದ್ದೋ ಟ್ಯೂಷನ್ನಿನದೋ ಕರಪತ್ರವೂ ಒಳಗೆ ಸೇರಬೇಕು. ಅದಕ್ಕೆ ಬೇರೆ ಪುಡಿಗಾಸು.

ಐದೂವರೆಗೆಲ್ಲ ಸೈಕಲ್ಲು, ಟಿವಿಎಸ್ಸುಗಳು ತಂತಮ್ಮ ಲೈನಿಗೆ ಹೊರಟುಬಿಡುತ್ತವೆ. ಮಳೆಗಾಲವಾದರೆ ಹುಡುಗನ ಮೈಮೇಲೆ ರೇನ್‌ಕೋಟು ಇಲ್ಲದಿದ್ದರೂ ಪೇಪರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದೇ ಇರುತ್ತದೆ. ನೆನೆದ ಪೇಪರಿಗೆ ದುಡ್ಡು ಹುಟ್ಟುವುದಿಲ್ಲ, ಹುಡುಗ ನೆನೆದರೆ ಅದು ಅವನ ಮನೆಯ ವಿಷಯ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರು ಸಮಾಚಾರ’ ಹೊರತಂದರೆಂದು ಜುಲೈ 1 ನಮಗೆ ಪತ್ರಿಕಾ ದಿನ. ಅಂದು ಪತ್ರಕರ್ತರಿಗೆ ಹಾರ, ಶಾಲು. ಹಂಚುವವರಿಗೆಂದು ಸೆಪ್ಟೆಂಬರ್ 4 ಇದೆ, ವಿತರಕರ ದಿನ. ಆ ದಿನದ ಭಾಷಣಗಳಲ್ಲಿ ರಾಮೇಶ್ವರದಲ್ಲಿ ಪೇಪರು ಹಂಚುತ್ತಿದ್ದ ಹುಡುಗ ಅಬ್ದುಲ್ ಕಲಾಂ ರಾಷ್ಟ್ರಪತಿಯಾದ ಕಥೆ ತಪ್ಪುವುದೇ ಇಲ್ಲ. ಸತ್ಯವಾದ ಕಥೆಯೇ. ಆದರೆ ರಾಷ್ಟ್ರಪತಿಯಾಗದೆ ಮೂವತ್ತು ವರ್ಷ ಪೇಪರು ಹಂಚಿದವನಿಗೆ ಆ ಸಭೆಯಲ್ಲಿ ಹೇಳಲು ಯಾರ ಬಳಿಯೂ ಏನೂ ಇರುವುದಿಲ್ಲ.

ಹುಡುಗರು ಹೋದ ಮೇಲೆ ಉಳಿಯುವವರು ಅಂಗಡಿಯವರು ಒಬ್ಬರೇ. ಅಂಗಡಿ ಎನ್ನಲು ಅಲ್ಲಿ ಇರುವುದಾದರೂ ಏನು? ಎರಡು ಹಾಲಿನ ಕ್ರೇಟು, ಅವುಗಳ ಮೇಲೊಂದು ಹಲಗೆ, ಲೈಟುಕಂಬದಿಂದ ಹೊಂಗೆ ಮರಕ್ಕೆ ಕಟ್ಟಿದ ಎರಡು ನೈಲಾನ್ ಹಗ್ಗ, ಬಟ್ಟೆ ಒಣಗಿಸುವ ಕ್ಲಿಪ್ಪುಗಳ ಒಂದು ಡಬ್ಬ, ನೀಲಿ ಟಾರ್ಪಾಲು, ಗಾಳಿಗೆ ಹಾರದಂತೆ ಇಡಲು ಒಂದಷ್ಟು ಕಲ್ಲು. ಅರ್ಧ ಗಂಟೆಯಲ್ಲಿ ಇಷ್ಟರಿಂದಲೇ ಒಂದು ಗೋಡೆ ಎದ್ದು ನಿಲ್ಲುತ್ತದೆ. ಅದು ಎದ್ದು ನಿಲ್ಲುವುದನ್ನು ಎದುರಿನ ಕಟ್ಟೆಯಲ್ಲಿ ಕಾಫಿ ಹಿಡಿದು ನೋಡಬೇಕು. ಕಂಡಂತೆ ನೇತುಹಾಕುವುದಿಲ್ಲ, ಅದಕ್ಕೊಂದು ಕ್ರಮ ಇದೆ. ದಿನಪತ್ರಿಕೆಗಳು ಹಲಗೆಯ ಮೇಲೆ, ಒಂದರ ಕೆಳಗೊಂದು ಜಾರಿಸಿ, ಹೆಸರು ಮಾತ್ರ ಕಾಣುವ ಹಾಗೆ. ಹೆಸರಿನ ಕೆಳಗಿನ ತಲೆಬರಹ ಎರಡೇ ಪದ ಕಾಣಬೇಕು, ಪೂರ್ತಿ ಕಂಡರೆ ಯಾರು ಕೊಳ್ಳುತ್ತಾರೆ? ವಾರಪತ್ರಿಕೆಗಳು ಮೇಲಿನ ಹಗ್ಗಕ್ಕೆ, ಕಣ್ಣಿನ ಮಟ್ಟಕ್ಕೆ. ಮಾಸಿಕಗಳು ಅದರ ಹಿಂದೆ, ಅವನ್ನು ಕೊಳ್ಳುವವರು ಕೇಳಿಯೇ ಕೊಳ್ಳುತ್ತಾರೆ. ಮಕ್ಕಳ ಪುಸ್ತಕಗಳು ಕೆಳಗೆ, ಅಪ್ಪನ ಕೈಹಿಡಿದ ಮಗುವಿನ ಮೂಗಿನ ಎತ್ತರಕ್ಕೆ. ಇಷ್ಟಾದ ಮೇಲೂ ಹಲಗೆಯ ಅಡಿಯಲ್ಲಿ ಒಂದು ಚೀಲ ಉಳಿದಿರುತ್ತದೆ. ಅದರಲ್ಲಿ ಇರುವುದನ್ನು ಯಾರೂ ಹೆಸರು ಹಿಡಿದು ಕೇಳುವುದಿಲ್ಲ, “ಬೇರೆ ಏನಿದೆ?” ಎನ್ನುತ್ತಾರೆ, ಅಂಗಡಿಯವರು ಗಿರಾಕಿಯ ಮುಖ ನೋಡದೆ ಸುತ್ತಿ ಕೊಡುತ್ತಾರೆ.

ಬೆಂಗಳೂರಿನ ಯಾವ ಬಡಾವಣೆಯಲ್ಲಿ ಯಾರಿದ್ದಾರೆ ಎಂದು ತಿಳಿಯಲು ಜನಗಣತಿಯೇ ಬೇಕೆಂದಿಲ್ಲ, ಪೇಪರ್ ಅಂಗಡಿಯ ಹಲಗೆ ಸಾಕು. ಇಲ್ಲಿ ಬಸವನಗುಡಿಯಲ್ಲಿ ಮುಂದಿನ ಸಾಲು ಕನ್ನಡದ್ದು. ಪಕ್ಕದಲ್ಲೇ ಇಂಗ್ಲಿಷಿನ ನಾಲ್ಕು. ಚಿಕ್ಕಪೇಟೆಯ ಕಡೆ ಹೋದರೆ ಹಿಂದಿಯ ‘ರಾಜಸ್ಥಾನ ಪತ್ರಿಕಾ’ ಮುಂದೆ ಬರುತ್ತದೆ, ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅದು ಇರಲೇಬೇಕು. ಶಿವಾಜಿನಗರದಲ್ಲಿ ಉರ್ದುವಿನ ‘ಸಾಲಾರ್’, ಅದರ ಪಕ್ಕ ತಮಿಳಿನ ‘ದಿನತ್ತಂತಿ’. ಮೆಜೆಸ್ಟಿಕ್ಕಿನಲ್ಲಿ ಎಲ್ಲವೂ: ಈನಾಡು, ಮಲಯಾಳ ಮನೋರಮಾ, ಉತ್ತರದ ಬಸ್ಸು ಹತ್ತುವವರಿಗೆ ಸಂಯುಕ್ತ ಕರ್ನಾಟಕ, ಕರಾವಳಿಯವರಿಗೆ ಉದಯವಾಣಿ. ಕಾವೇರಿ ನೀರಿನ ಗಲಾಟೆ ಎದ್ದಾಗ ಕೆಲವು ದಿನ ತಮಿಳು ಪತ್ರಿಕೆಗಳು ಹಲಗೆಯಿಂದ ಒಳಕ್ಕೆ ಹೋಗುತ್ತವೆ. ಗಿರಾಕಿ ತಪ್ಪುವುದಿಲ್ಲ, ಮಡಿಸಿದ ಕನ್ನಡ ಪೇಪರಿನ ಹೊಟ್ಟೆಯೊಳಗೆ ತಮಿಳು ಪೇಪರು ಅವರ ಕೈ ಸೇರುತ್ತದೆ.

ಈ ರಸ್ತೆಗಳಿಗೂ ಪತ್ರಿಕೆಗೂ ಹಳೆಯ ನಂಟು. ಗಾಂಧಿ ಬಜಾರನ್ನು ಹಾದುಹೋಗುವ ರಸ್ತೆಗೆ ಡಿ.ವಿ.ಜಿ.ಯವರ ಹೆಸರಿದೆ. ಅವರನ್ನು ಕವಿಯೆಂದು ನೆನೆಯುವ ನಾವು, ‘ಕರ್ಣಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದವರೆಂಬುದನ್ನು ಮರೆತಿದ್ದೇವೆ. ಹತ್ತಿರದ ಗವಿಪುರದಲ್ಲಿದ್ದ ಮಾಸ್ತಿಯವರು ‘ಜೀವನ’ ಮಾಸಪತ್ರಿಕೆಯನ್ನು ವರ್ಷಗಟ್ಟಲೆ ಸಾಕಿದರು.

ಆರೂವರೆಯಿಂದ ಎಂಟರವರೆಗೆ ವಾಕಿಂಗಿನವರು. ಅವರಲ್ಲಿ ಬಹಳ ಮಂದಿಯ ಮನೆಗೆ ಪೇಪರು ಬರುತ್ತದೆ. ಬಂದರೂ ಇಲ್ಲಿ ನಿಲ್ಲುತ್ತಾರೆ. ಮನೆಗೆ ಬರುವುದು ಒಂದು, ಇಲ್ಲಿ ಕಾಣುವುದು ಎಲ್ಲವೂ. ಕೈ ಹಿಂದೆ ಕಟ್ಟಿಕೊಂಡು, ಕತ್ತು ಸ್ವಲ್ಪ ವಾರೆ ಮಾಡಿ, ಹಲಗೆಯ ಈ ತುದಿಯಿಂದ ಆ ತುದಿಗೆ ಒಂದು ಸುತ್ತು. ಕೈ ಹಿಂದೆ ಕಟ್ಟಿಕೊಳ್ಳುವುದೇ ಮರ್ಯಾದೆ: ಮುಟ್ಟುವುದಿಲ್ಲ, ನೋಡುತ್ತಿದ್ದೇನೆ ಅಷ್ಟೇ, ಎಂದು ಹೇಳಿದ ಹಾಗೆ.

“ಏನ್ ಸ್ವಾಮಿ, ಸರ್ಕಾರ ಉಳೀತಾ?”

“ಇವರು ಉಳೀತು ಅಂತಾರೆ. ಪಕ್ಕದವರು ಬಿತ್ತು ಅಂತಾರೆ. ನೀವು ಯಾವುದು ಬೇಕೋ ತಗೊಳ್ಳಿ ಸಾರ್, ರೇಟು ಒಂದೇ.”

ಇದು ಹಾಸ್ಯವಲ್ಲ, ಅಂಗಡಿಯ ಸಂವಿಧಾನ. ಮನೆಗೆ ಬೀಳುವ ಪೇಪರನ್ನು ಅಪ್ಪನ ಕಾಲದಲ್ಲೇ ಯಾರೋ ಆರಿಸಿ ಆಗಿರುತ್ತದೆ. ಪ್ರಜಾವಾಣಿ ಮನೆ, ಕನ್ನಡಪ್ರಭ ಮನೆ ಎಂದೇ ಹಿಂದೆ ಮನೆಗಳನ್ನು ಗುರುತಿಸುತ್ತಿದ್ದರು. 1999ರಲ್ಲಿ ಲಾರಿ, ಬಸ್ಸುಗಳ ಉದ್ಯಮಿ ವಿಜಯ ಸಂಕೇಶ್ವರರು ವಿಜಯ ಕರ್ನಾಟಕ ಶುರುಮಾಡಿದ ಮೇಲೆ ಆ ಪಂಗಡಗಳು ಸ್ವಲ್ಪ ಕದಲಿದವು, ಆದರೂ ಬಾಗಿಲಿಗೆ ಬೀಳುವ ಪೇಪರು ಆ ಮನೆಯ ಅಭಿಪ್ರಾಯವನ್ನೇ ಮರಳಿ ಮನೆಗೆ ತರುತ್ತದೆ. ಹಲಗೆಯ ಮೇಲೆ ಹಾಗಿಲ್ಲ. ತನಗೆ ಆಗದ ಪತ್ರಿಕೆಯ ತಲೆಬರಹವನ್ನೂ ಕಣ್ಣು ತಪ್ಪದೆ ಓದುತ್ತದೆ, ಓದಿದ ಮೇಲೆ ಬಾಯಿ ಸುಮ್ಮನಿರುವುದಿಲ್ಲ. ಪಕ್ಕದಲ್ಲಿ ನಿಂತವರು ಅದೇ ಪತ್ರಿಕೆ ಕೊಳ್ಳಲು ಬಂದವರಾಗಿದ್ದರೆ ಅಲ್ಲಿಗೆ ಬೆಳಗು ಬೆಳಗಾದ ಹಾಗೆ. ನನ್ನ ಮಟ್ಟಿಗೆ ಈ ಅಂಗಡಿಯ ನಿಜವಾದ ಸರಕು ಇದೇ, ಕಾಗದವಲ್ಲ. ಫೋನಿನಲ್ಲಿ ಇಡೀ ಲೋಕದ ಪತ್ರಿಕೆ ಸಿಗುತ್ತದೆ ಎನ್ನುವವರು, ಅಲ್ಲಿ ತಮಗೆ ಆಗದ್ದು ಎಷ್ಟು ಕಣ್ಣಿಗೆ ಬೀಳುತ್ತದೆ ಎಂದು ಎಣಿಸಿ ನೋಡಲಿ.

ನಿಂತು ಓದುವವರಲ್ಲಿ ಬಗೆಗಳಿವೆ. ತಲೆಬರಹ ಓದಿ ಹೋಗುವವರನ್ನು ಅಂಗಡಿಯವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಾರಪತ್ರಿಕೆ ಎತ್ತಿಕೊಂಡು ವಾರಭವಿಷ್ಯದ ಪುಟ ಹುಡುಕಿ ತಮ್ಮ ರಾಶಿಯನ್ನು ಮಾತ್ರ ಓದಿ ಹಾಗೇ ಇಡುವವರೂ ಪರವಾಗಿಲ್ಲ; ಪುಟ ಮಡಿಸದಿದ್ದರೆ ಆಯಿತು. ತಕರಾರು ಇರುವುದು ಧಾರಾವಾಹಿಯ ಕಂತನ್ನು ನಿಂತಲ್ಲೇ ಮುಗಿಸುವವರ ಮೇಲೆ. ಧಾರಾವಾಹಿಗಳು ಊರನ್ನು ಆಳುತ್ತಿದ್ದ ಕಾಲದಲ್ಲಿ ಇವರ ಸಂಖ್ಯೆ ದೊಡ್ಡದಿತ್ತು. 1965ರ ಜನವರಿಯಲ್ಲಿ ಹುಟ್ಟಿದ ‘ಸುಧಾ’, 1983ರಲ್ಲಿ ಬಂದ ‘ತರಂಗ’, ಇವೆರಡರ ಕಂತುಗಳಿಗಾಗಿ ವಾರದ ಆ ಒಂದು ದಿನ ಕಾಲೇಜಿನ ಹುಡುಗಿಯರು ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಅಂಗಡಿಯವರ ಅಸ್ತ್ರ ಒಂದೇ, ಸ್ಟೇಪ್ಲರು. ಹೊರ ಅಂಚಿಗೆ ಒಂದು ಪಿನ್ನು ಹೊಡೆದರೆ ಪುಟ ಬಿಡಿಸಲಾಗದು. ಆದರೆ ಪಿನ್ನು ಹೊಡೆದ ಪತ್ರಿಕೆಯನ್ನು ಕೊಳ್ಳುವವರೂ ಮೂಗು ಮುರಿಯುತ್ತಾರೆ. ಪಿನ್ನು ಹೊಡೆಯಬೇಕೋ ಬೇಡವೋ ಎಂಬ ಈ ವ್ಯಾಪಾರದ ಒಳಗುದಿಗೆ ಇಂದಿಗೂ ಪರಿಹಾರ ಸಿಕ್ಕಿಲ್ಲ.

ಇನ್ನೊಂದು ಬಗೆಯವರಿಗೆ ಮಾತ್ರ ಎಲ್ಲ ಅಂಗಡಿಯವರೂ ಮೃದು. ಕೆಲಸ ಹುಡುಕುತ್ತಿರುವ ಹುಡುಗರು. ನೇಮಕಾತಿ ಪ್ರಕಟಣೆಯ ಪುಟ ತೆರೆದು, ಜೇಬಿನ ಚೀಟಿಯಲ್ಲಿ ಕಡೆಯ ತಾರೀಖು ಬರೆದುಕೊಂಡು, ಪೇಪರನ್ನು ಮೊದಲಿಗಿಂತ ಚೆನ್ನಾಗಿ ಮಡಿಸಿ ಇಟ್ಟು ಹೋಗುತ್ತಾರೆ. ಅವರಿಗೆ ಬೈದ ಅಂಗಡಿಯವರನ್ನು ನಾನು ಕಂಡಿಲ್ಲ.

ಒಂದು ಕಾಲದಲ್ಲಿ ಈ ಹಲಗೆ ಜನರ ಹಣೆಬರಹವನ್ನೂ ಮಾರುತ್ತಿತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶ ಪತ್ರಿಕೆಯಲ್ಲಿ ಬರುತ್ತಿದ್ದ ದಿನ ನೆನೆಯಿರಿ. ಇರುವೆಸಾಲಿನ ಅಕ್ಷರದಲ್ಲಿ ಪುಟಗಟ್ಟಲೆ ರಿಜಿಸ್ಟರ್ ನಂಬರು. ವ್ಯಾನು ಬರುವ ಮುಂಚೆಯೇ ಅಂಗಡಿಯ ಮುಂದೆ ಹುಡುಗರು, ಅವರ ಹಿಂದೆ ಲುಂಗಿಯಲ್ಲೇ ಬಂದ ಅಪ್ಪಂದಿರು. ನಂಬರು ಸಿಕ್ಕವನು ಪೇಪರು ಕೊಂಡುಹೋಗುತ್ತಿದ್ದ. ಸಿಗದವನು ಇನ್ನೊಂದು ಪತ್ರಿಕೆ ತೆಗೆದು ಮತ್ತೆ ಹುಡುಕುತ್ತಿದ್ದ, ಅಚ್ಚಿನ ತಪ್ಪಿರಬಹುದೆಂಬ ಆಸೆಗೆ. ಲಾಟರಿಯದೂ ಇದೇ ಕಥೆ. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಷೇಧವಾಗುವವರೆಗೆ ಪೇಪರ್ ಅಂಗಡಿಗೆ ತಾಗಿಕೊಂಡೇ ಲಾಟರಿ ಟಿಕೆಟ್ಟುಗಳ ಹಲಗೆ ಇರುತ್ತಿತ್ತು. ಬೆಳಿಗ್ಗೆ ಪೇಪರಿನಲ್ಲಿ ನಂಬರು ನೋಡಿ ಸೋತವನು ಪಕ್ಕದ ಹಲಗೆಯಲ್ಲಿ ಇನ್ನೊಂದು ಟಿಕೆಟ್ಟು ಕೊಳ್ಳುತ್ತಿದ್ದ. ನಿಷೇಧದಿಂದ ಎಷ್ಟೋ ಮನೆ ಉಳಿಯಿತು, ಸಂದೇಹವಿಲ್ಲ. ಪೇಪರ್ ಅಂಗಡಿಯ ಬೆಳಗಿನ ಗಿರಾಕಿಗಳಲ್ಲಿ ಒಂದು ಪಾಲು ಅದರೊಂದಿಗೇ ಹೋಯಿತು.

ದೊಡ್ಡ ಸುದ್ದಿಯ ದಿನ ಹೇಗಿರುತ್ತಿತ್ತು ಎಂದು ಈಗಿನವರಿಗೆ ಹೇಳಿ ನಂಬಿಸುವುದು ಕಷ್ಟ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನಿಂದ ರಾಜಕುಮಾರರನ್ನು ಕರೆದೊಯ್ದ. ಅಲ್ಲಿಂದ ನವೆಂಬರ್ 15ರಂದು ಅವರ ಬಿಡುಗಡೆಯಾಗುವವರೆಗಿನ 108 ದಿನ ಸಂಜೆ ಪತ್ರಿಕೆಗಳ ಸುಗ್ಗಿ. ಬೆಳಗಿನ ಪೇಪರಿಗೂ ಸಂಜೆಯ ಪೇಪರಿಗೂ ನಡುವೆ ಕಾಡಿನಲ್ಲಿ ಏನೂ ಆಗಿರದಿದ್ದರೂ ತಲೆಬರಹ ಬೇರೆಯಾಗಿರುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಬಂಡಲು ಬಿಚ್ಚುವ ಮುಂಚೆಯೇ ಕೈಗಳು ಚಾಚಿರುತ್ತಿದ್ದವು. ಕಾರ್ಖಾನೆಯ ಶಿಫ್ಟು ಬಿಟ್ಟವರು, ಆಟೋದವರು, ಹೂ ಕಟ್ಟುವ ಹೆಂಗಸರು, ಅಕ್ಷರ ಬಾರದವರೂ ಕೊಂಡು “ಏನ್ ಹಾಕವ್ರೆ ಓದಣ್ಣ” ಎಂದು ಪಕ್ಕದವರ ಕೈಗೆ ಕೊಡುತ್ತಿದ್ದರು.

ಈಗ ವಾರಪತ್ರಿಕೆಯ ಹಗ್ಗಕ್ಕೆ ಬರಬೇಕು. ಈ ಬೀದಿಯಂಗಡಿಗಳು ಇಲ್ಲದಿದ್ದರೆ ಕನ್ನಡದಲ್ಲಿ ಒಂದಿಡೀ ಪತ್ರಿಕಾಕುಲವೇ ಹುಟ್ಟುತ್ತಿರಲಿಲ್ಲ ಎನ್ನುವುದು ನನ್ನ ಬಲವಾದ ನಂಬಿಕೆ. ಲೆಕ್ಕ ಸರಳ. ದಿನಪತ್ರಿಕೆಯನ್ನು ನಾವು ಕೊಡುವ ದುಡ್ಡಿನಲ್ಲಿ ಅಚ್ಚು ಹಾಕಲಾಗುವುದಿಲ್ಲ, ಕೊರತೆ ತುಂಬುವುದು ಜಾಹೀರಾತು. ಜಾಹೀರಾತು ಕೊಡುವವರಲ್ಲಿ ಸರ್ಕಾರವೂ ಇರುತ್ತದೆ, ದೊಡ್ಡ ಅಂಗಡಿಗಳೂ ಇರುತ್ತವೆ. ಅವರ ಹಂಗು ಬೇಡ ಎನ್ನುವ ಪತ್ರಿಕೆಗೆ ಉಳಿಯುವುದು ಒಂದೇ ದಾರಿ, ಓದುಗನ ಜೇಬಿನ ಚಿಲ್ಲರೆ. ಆ ಚಿಲ್ಲರೆ ಕೈಬದಲಾಗುತ್ತಿದ್ದುದು ಚಂದಾ ರಸೀತಿಯಲ್ಲಿ ಅಷ್ಟಾಗಿ ಅಲ್ಲ, ಈ ಹಲಗೆಯ ಮೇಲೆ.

1980ರ ಜುಲೈನಲ್ಲಿ ಪಿ. ಲಂಕೇಶ್ ‘ಲಂಕೇಶ್ ಪತ್ರಿಕೆ’ ಹೊರತಂದಾಗ ಮಾಡಿದ್ದು ಅದನ್ನೇ. ಇಂಗ್ಲಿಷ್ ಮೇಷ್ಟ್ರು, ಕಥೆಗಾರ, ‘ಪಲ್ಲವಿ’ಗೆ ರಾಷ್ಟ್ರಪ್ರಶಸ್ತಿ ಪಡೆದ ನಿರ್ದೇಶಕ, ಜಾಹೀರಾತಿಲ್ಲದೆ ಟ್ಯಾಬ್ಲಾಯ್ಡ್ ನಡೆಸುತ್ತೇನೆ ಎಂದು ಹೊರಟರು. ಗುಂಡೂರಾವ್ ಆಗ ಮುಖ್ಯಮಂತ್ರಿ. ಅವರನ್ನು ‘ಗುಂ’ ಎಂದೂ ಬಂಗಾರಪ್ಪನವರನ್ನು ‘ಬಂ’ ಎಂದೂ ಕರೆಯುವ ಪತ್ರಿಕೆಯನ್ನು ಕನ್ನಡ ಓದುಗ ಅದುವರೆಗೆ ಕಂಡಿರಲಿಲ್ಲ. ಮನೆಗೆ ತರಿಸಿಕೊಳ್ಳಲು ಸರ್ಕಾರಿ ನೌಕರರಿಗೆ ಅಂಜಿಕೆ, ಅಂಗಡಿಯಲ್ಲಿ ಕೊಂಡು ಮಡಿಸಿ ಚೀಲದೊಳಗೆ ಇಟ್ಟುಕೊಳ್ಳಲು ಅಂಜಿಕೆಯಿಲ್ಲ. 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡಿತು. ಅದಕ್ಕೆ ನೂರು ಕಾರಣ. ಊರೂರಿನ ಬಸ್‌ಸ್ಟ್ಯಾಂಡಿನ ಹಗ್ಗದಲ್ಲಿ ವಾರ ವಾರ ತೂಗಿದ ಆ ಪತ್ರಿಕೆಯೂ ಅವುಗಳಲ್ಲಿ ಒಂದು ಎಂದು ಆ ಕಾಲ ಕಂಡವರು ಹೇಳುತ್ತಾರೆ.

ಅದೇ ಪತ್ರಿಕೆಯಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂತು. ‘ಎದೆಯ ಹಣತೆ’ಯ ಬಾನು ಮುಷ್ತಾಕ್ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದಾಗ ಅವರು ಹಿಂದೆ ಈ ಪತ್ರಿಕೆಯ ವರದಿಗಾರ್ತಿಯಾಗಿದ್ದರೆಂದು ಎಲ್ಲರೂ ನೆನಪಿಸಿಕೊಂಡರು. ಬೀದಿಯ ಕ್ಲಿಪ್ಪಿಗೆ ಸಿಕ್ಕಿಸಿ ಮಾರಿದ ಕಾಗದದಲ್ಲಿ ರಾಜಕೀಯದ ಬೈಗುಳ, ಕ್ರೈಮ್ ಸುದ್ದಿ, ನೀಲು ಪದ್ಯ, ಮುಸ್ಲಿಂ ಹೆಣ್ಣುಮಗಳೊಬ್ಬಳ ಕಾದಂಬರಿ ಎಲ್ಲವೂ ಒಂದೇ ಬೆಲೆಗೆ ಸಿಗುತ್ತಿದ್ದವು. ಸಾಹಿತ್ಯ ಪತ್ರಿಕೆಯನ್ನು ಕೊಳ್ಳದವನು ಕೂಡ ಗುಂಡೂರಾವ್ ಕಥೆ ಓದಲು ಕೊಂಡು, ಆಟೋಸ್ಟ್ಯಾಂಡಿನಲ್ಲಿ ಸವಾರಿ ಕಾಯುತ್ತ ಮಿಕ್ಕ ಪುಟಗಳನ್ನೂ ಓದಿದ.

1995ರಲ್ಲಿ ರವಿ ಬೆಳಗೆರೆಯವರ ‘ಹಾಯ್ ಬೆಂಗಳೂರ್’ ಬಂತು, ಅದೂ ಜಾಹೀರಾತಿಲ್ಲದೆ. ಅಂಗಡಿಯವರಿಗೆ ಅದರ ಬಂಡಲು ಬರುವ ದಿನವೇ ವಾರದ ಹಬ್ಬ. ಈ ಎರಡರ ಹಿಂದೆ ನೂರೆಂಟು ಬಂದವು. ಹೆಚ್ಚಿನವಕ್ಕೆ ಧೈರ್ಯಕ್ಕಿಂತ ಹಸಿವು ಜಾಸ್ತಿ ಇತ್ತು. ಯಾರ ಬಗ್ಗೆ ಬರೆದಿದೆಯೋ ಅವರೇ ಆಳು ಕಳಿಸಿ ಎಲ್ಲ ಅಂಗಡಿಗಳ ಪ್ರತಿಗಳನ್ನೂ ಕೊಂಡು ಸುಡಿಸುವುದೂ ಇತ್ತು. ಅಂಗಡಿಯವರು ಅದಕ್ಕೂ ನಕ್ಕು ತಲೆಯಾಡಿಸುತ್ತಾರೆ: ಓದಿದರೂ ಸುಟ್ಟರೂ ಕಮಿಷನ್ ಅಷ್ಟೇ. ಕಪ್ಪು-ಕೆಂಪು ಮುಖಪುಟದ, ಆಶ್ಚರ್ಯಸೂಚಕಗಳ ಆ ಸಾಲಿಗೆ ಹಳದಿ ಎಂಬ ಬಣ್ಣದ ಹೆಸರು ಸುಮ್ಮನೆ ಅಂಟಿದ್ದಲ್ಲ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಹಗ್ಗ ಒಂದೇ ಆಗಿತ್ತು ಎನ್ನಬಹುದು, ಅಷ್ಟೇ. ಅಪ್ಪನ ದಾರಿಯಲ್ಲೇ ಜಾಹೀರಾತಿಲ್ಲದೆ ತಮ್ಮದೇ ವಾರಪತ್ರಿಕೆ ನಡೆಸುತ್ತಿದ್ದ ಗೌರಿ ಲಂಕೇಶರ ಹತ್ಯೆ 2017ರ ಸೆಪ್ಟೆಂಬರ್ 5ರಂದು ಆಯಿತು. 2020ರಲ್ಲಿ ಬೆಳಗೆರೆಯವರೂ ಹೋದರು. ಮೇಲಿನ ಹಗ್ಗದಲ್ಲಿ ಈಗ ಕ್ಲಿಪ್ಪುಗಳೇ ಹೆಚ್ಚು.

ಮಾಸಿಕಗಳ ಗಿರಾಕಿ ಬೇರೆ ಜಾತಿಯವರು. ಅವಸರವಿಲ್ಲ, ಚೌಕಾಸಿಯಿಲ್ಲ. 1956ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿ ಪಾ.ವೆಂ. ಆಚಾರ್ಯರ ಕೈಯಲ್ಲಿ ಬೆಳೆದ ‘ಕಸ್ತೂರಿ’ಯನ್ನು ಕೇಳಿಕೊಂಡು ತಿಂಗಳ ಮೊದಲ ವಾರ ಬರುವ ಹಿರಿಯರು ಇನ್ನೂ ಇದ್ದಾರೆ. ಬಂದಿಲ್ಲವೆಂದರೆ “ಹಾಗಾದ್ರೆ ನಾಳೆ ಬರ್ತೀನಿ” ಎಂದು ಹೋಗಿ ನಿಜವಾಗಿಯೂ ನಾಳೆ ಬರುತ್ತಾರೆ. ಮಯೂರ, ತುಷಾರ ಕೇಳುವವರಲ್ಲಿ ಅರ್ಧ ಮಂದಿ ಅದರಲ್ಲಿ ತಮ್ಮ ಕಥೆ ಬಂದಿದೆಯೇ ಎಂದು ನೋಡಲು ಬಂದವರು. ವಿಷಯಸೂಚಿ ತೆರೆದ ಕೂಡಲೇ ಮುಖದಲ್ಲಿ ಗೊತ್ತಾಗಿಬಿಡುತ್ತದೆ, ಬಂದಿದ್ದರೆ ಮೂರು ಪ್ರತಿ, ಇಲ್ಲದಿದ್ದರೆ “ಈ ಸಲ ಅಷ್ಟೇನೂ ಚೆನ್ನಾಗಿಲ್ಲ.” ಕೆಳಸಾಲಿನಲ್ಲಿ ಮೊದಲು ಚಂದಮಾಮ ಇರುತ್ತಿತ್ತು, ಬಾಲಮಂಗಳದ ಡಿಂಗ ಇರುತ್ತಿದ್ದ. 1949ರಿಂದ ಕನ್ನಡದ ಮಕ್ಕಳಿಗೆ ಬೇತಾಳನನ್ನು ಹೊತ್ತು ತರುತ್ತಿದ್ದ ಚಂದಮಾಮ ನಿಂತೇಹೋಯಿತು. ಮಗುವಿನ ಮೂಗಿನ ಎತ್ತರದಲ್ಲಿ ಈಗ ಬಣ್ಣ ತುಂಬುವ ಪುಸ್ತಕ, ಮಗ್ಗಿ ಪುಸ್ತಕ.

ದೀಪಾವಳಿ, ಯುಗಾದಿ ವಿಶೇಷಾಂಕಗಳು ಬಂದಾಗ ಹಲಗೆಗೆ ಸ್ವಲ್ಪ ಕಳೆ ಏರುತ್ತದೆ. ಯುಗಾದಿಯ ಮುಂಚಿನ ಹದಿನೈದು ದಿನ ಒಂಟಿಕೊಪ್ಪಲ್ ಪಂಚಾಂಗ ಯಾವ ವಾರಪತ್ರಿಕೆಗಿಂತಲೂ ಚೆನ್ನಾಗಿ ಹೋಗುತ್ತದೆ. ಪಂಚಾಂಗ, ಕ್ಯಾಲೆಂಡರು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ: ಅಂಗಡಿಯನ್ನು ಈಗ ನಡೆಸುತ್ತಿರುವುದು ಈ ಮೂರು. ಪ್ರಚಲಿತ ಘಟನೆಗಳ ಮಾಸಿಕ ಕೊಳ್ಳುವ ಹುಡುಗ ಹೋದ ತಿಂಗಳ ಸುದ್ದಿಯನ್ನು ಬಾಯಿಪಾಠ ಮಾಡುತ್ತಾನೆ. ಪಕ್ಕದಲ್ಲೇ ಇರುವ ಈವತ್ತಿನ ಸುದ್ದಿಯನ್ನು ಮುಟ್ಟುವುದಿಲ್ಲ, ಅದು ಮುಂದಿನ ತಿಂಗಳು ಪುಸ್ತಕವಾಗಿ ಬರುತ್ತದಲ್ಲ.

ಮಧ್ಯಾಹ್ನ ಹೇಳುವಂಥದ್ದೇನಿಲ್ಲ. ಬಿಸಿಲು ಬಂದ ಕಡೆ ಟಾರ್ಪಾಲು ಇಳಿಸುತ್ತಾರೆ, ಊಟದ ಡಬ್ಬಿ ಬಿಚ್ಚುತ್ತಾರೆ, ನಿನ್ನೆಯ ಪೇಪರನ್ನು ಹಾಸಿ ಈವತ್ತಿನದನ್ನು ಮುಖದ ಮೇಲೆ ಹಾಕಿಕೊಂಡು ಅರ್ಧ ಗಂಟೆ ಮಲಗುತ್ತಾರೆ. ದಾರಿ ಕೇಳುವವರು ಮಾತ್ರ ಎಬ್ಬಿಸುತ್ತಾರೆ. ನಗರದಲ್ಲಿ ದಾರಿ ಕೇಳಲು ಪೇಪರ್ ಅಂಗಡಿಗಿಂತ ಒಳ್ಳೆಯ ಜಾಗವಿಲ್ಲ. ಮನೆ ಮನೆಯ ನಂಬರು ಗೊತ್ತಿರುವುದು ಅಂಚೆಯವರನ್ನು ಬಿಟ್ಟರೆ ಇವರಿಗೇ. ಯಾರ ಮನೆಗೆ ಪೇಪರು ನಿಂತಿದೆ, ಯಾರು ಮಗನ ಹತ್ತಿರ ಅಮೆರಿಕಕ್ಕೆ ಹೋಗಿದ್ದಾರೆ, ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗಿ ಒಂದು ಪೇಪರು ಎರಡಾಗಿದೆ, ಎಲ್ಲವೂ ಇವರ ನೋಟುಪುಸ್ತಕದಲ್ಲಿದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಪತ್ರಿಕೆಗೆ ಅಡ್ಡಿ ಇರಲಿಲ್ಲ, ಅಗತ್ಯ ಸೇವೆಯೆಂದು ವ್ಯಾನುಗಳನ್ನು ಬಿಟ್ಟರು. ಆದರೆ ಕಾಗದದಿಂದ ಸೋಂಕು ಬರುತ್ತದೆಂಬ ಮಾತು ಹಬ್ಬಿ ಅಪಾರ್ಟ್‌ಮೆಂಟುಗಳು ಗೇಟಿನಲ್ಲೇ ಹುಡುಗರನ್ನು ತಡೆದವು. ಪತ್ರಿಕೆಗಳು ತಮ್ಮ ಪುಟದಲ್ಲೇ ‘ಪತ್ರಿಕೆ ಸುರಕ್ಷಿತ’ ಎಂದು ಅಚ್ಚು ಹಾಕಿದವು. ಅದನ್ನು ಓದಬೇಕಾದವರ ಮನೆಗೆ ಪತ್ರಿಕೆ ಹೋಗುತ್ತಿರಲಿಲ್ಲ. ಆಗ ನಿಂತ ಮನೆಗಳಲ್ಲಿ ಎಲ್ಲವೂ ಮರಳಲಿಲ್ಲ. ಬೀದಿಯಂಗಡಿಗಳಲ್ಲೂ ಕೆಲವು ಮತ್ತೆ ಹಗ್ಗ ಕಟ್ಟಲಿಲ್ಲ. ಉಳಿದವು ನೀರಿನ ಬಾಟಲಿ, ಮೊಬೈಲ್ ಕವರು, ಬಿಸ್ಕತ್ತು ಇಟ್ಟುಕೊಂಡವು. ಬಿಸ್ಕತ್ತಿಗೆ ಒಂದು ದೊ‌ಡ್ಡ ಅನುಕೂಲವಿದೆ, ಸಂಜೆಗೆ ಹಳೆಯದಾಗುವುದಿಲ್ಲ.

ಫುಟ್‌ಪಾತ್ ಅಗಲ ಮಾಡುವ, ಕಲ್ಲು ಹಾಸುವ ಕೆಲಸ ಬಂದಾಗಲೆಲ್ಲ ಹಲಗೆ ಎದ್ದು ಹೋಗಬೇಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇವರಿಗೂ ನೆರಳು ಕೊಡಬೇಕಾದದ್ದೇ. ಕಾಮಗಾರಿ ಮುಗಿದು ಹೊಸ ಕಲ್ಲಿನ ಮೇಲೆ ಮರಳಿ ಬಂದಾಗ ಲೈಟುಕಂಬ ಆರಡಿ ಆಚೆ ಸರಿದಿರುತ್ತದೆ. ಹಗ್ಗ ಉದ್ದ ಮಾಡಿಕೊಳ್ಳಬೇಕು, ಅಷ್ಟೇ ಎಂಬಂತೆ ಮಾತಾಡುತ್ತಾರೆ.

ಆಗಸ್ಟ್ 15, ಜನವರಿ 26ರಂದು ಪತ್ರಿಕಾ ಕಚೇರಿಗಳಿಗೆ ರಜೆ, ಹಾಗಾಗಿ ಮಾರನೆಯ ದಿನ ಪೇಪರಿಲ್ಲ. ಹಬ್ಬಗಳಲ್ಲಿ ಇಂಥವು ಇನ್ನು ಕೆಲವು. ಇಡೀ ವರ್ಷದಲ್ಲಿ ಅಂಗಡಿಯವರು ಬೆಳಗಿನ ನಿದ್ದೆ ಪೂರ್ತಿ ಮಾಡಬಹುದಾದ ದಿನಗಳು ಇವಷ್ಟೇ. ಆದರೂ ನಾಲ್ಕಕ್ಕೆ ಎಚ್ಚರವಾಗಿಬಿಡುತ್ತದಂತೆ.

ರಾತ್ರಿ ಎಂಟಕ್ಕೆ ಹಗ್ಗ ಬಿಚ್ಚುವ ಮುಂಚೆ ಲೆಕ್ಕ. ಉಳಿದ ವಾರಪತ್ರಿಕೆ, ಮಾಸಿಕಗಳನ್ನು ಸಾಮಾನ್ಯವಾಗಿ ರಿಟರ್ನ್ ಕೊಡಬಹುದು. ದಿನಪತ್ರಿಕೆ ಉಳಿದರೆ ಹೆಚ್ಚಿನ ಪಾಲು ನಷ್ಟ ತಮ್ಮದೇ, ಅದು ರದ್ದಿಗೆ. ಆದ್ದರಿಂದ ನಾಳೆಗೆ ಎಷ್ಟು ಪ್ರತಿ ಬೇಕೆಂದು ಏಜೆಂಟರಿಗೆ ಹೇಳುವ ಈ ಫೋನ್ ಕರೆಯೇ ದಿನದ ಅತಿ ನಾಜೂಕಿನ ಕೆಲಸ. ಸಂಪಾದಕರಿಗೆ ಸುದ್ದಿಯ ತೂಕ ತಪ್ಪಿದರೆ ಒಂದು ತಲೆಬರಹ ಸಪ್ಪೆಯಾಗುತ್ತದೆ. ಇವರಿಗೆ ತಪ್ಪಿದರೆ ರಾತ್ರಿಯ ಊಟದಲ್ಲಿ ಕಡಿಮೆಯಾಗುತ್ತದೆ.

“ನಾಳೆಗೆ ಐದು ಕಮ್ಮಿ ಹಾಕಿ. ಈವತ್ತು ಆರು ಉಳೀತು.”

ಪಕ್ಕದ ಪಾನ್ ಅಂಗಡಿಯ ಟಿವಿಯಲ್ಲಿ ಕೆಂಪು ಪಟ್ಟಿ ಓಡುತ್ತಿದೆ. ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟಿದ್ದಾರಂತೆ, ಅಥವಾ ಕೊಡುತ್ತಾರಂತೆ. ಅಂಗಡಿಯವರು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಓದುತ್ತಾರೆ, ನಿಂತೇ.

“ಇರಿ, ಇರಿ... ಕಮ್ಮಿ ಬೇಡ. ಮೊನ್ನೆ ಎಷ್ಟಿತ್ತೋ ಅಷ್ಟೇ ಇರಲಿ. ಏನಂದ್ರಿ? ಅವರು ಕೊಡಲ್ಲ ಅಂತೀರಾ? ಹಂಗಾದ್ರೆ ಒಂದು ಕೆಲಸ ಮಾಡಿ, ಎರಡು ಕಮ್ಮಿ ಹಾಕಿ.”